ಬೋಟಿನ ಇಂಜಿನ್ ಕಾವಿಗೆ ವೀರ್ಯಾಣು ಕಮ್ಮಿ ಆಗ್ತದಾ? ರಿಪೋರ್ಟ್ ನೋಡಿ ತಲೆ ಕೆಟ್ಟಿದೆ

ತದಡಿ ಡ್ರೈವರ
ಜೂನ್ 4

ಹೆಸರು ಹಾಕೂದಿಲ್ಲ, ಬೇಜಾರು ಮಾಡ್ಕೊಳ್ಳಬೇಡಿ. ನಂದು 34 ವರ್ಷ. ತದಡಿ ಬಂದರದಲ್ಲಿ ಟ್ರಾಲ್ ಬೋಟಿನ ಇಂಜಿನ್ ಡ್ರೈವರ. ಒಂದು ಟ್ರಿಪ್ಪಿಗೆ ಹೋದರೆ 9-10 ದಿನ ನೀರಲ್ಲೇ. ಬೋಟು ನಡೆಸುವ ತಾಂಡೇಲ ಮೇಲೆ ಗಾಳಿಯಲ್ಲಿರ್ತಾನೆ, ನಾನು ಕೆಳಗೆ ಇಂಜಿನ್ ಪಕ್ಕ. ಅಲ್ಲಿಯ ಸೆಕೆ ಅಲ್ಲಿ ಕೂತವನಿಗೇ ಗೊತ್ತು. ಬನಿಯನ್ ಹಿಂಡಿದರೆ ಒಂದು ಚೊಂಬು ನೀರು. 12 ವರ್ಷದಿಂದ ಇದೇ ಕೆಲಸ.

ಮದುವೆಯಾಗಿ 4 ವರ್ಷ, ಮಕ್ಕಳಾಗಲಿಲ್ಲ. ಮೊದಲ 3 ವರ್ಷ ಬರೀ ಹೆಂಡತಿಯನ್ನೇ ತೋರಿಸಿದ್ದು. ಅವಳಿಗೆ 29. ರಕ್ತಪರೀಕ್ಷೆ, ನಾಲ್ಕೈದು ಸ್ಕ್ಯಾನಿಂಗು, ಗರ್ಭನಾಳಕ್ಕೆ ಮದ್ದು ಬಿಟ್ಟು ತೆಗೆಯುವ ಎಕ್ಸರೇ. ಅದು ಮಾಡಿಸಿದ ದಿನ ಮಂಗಳೂರಿಂದ ಬರುವಾಗ ಭಟ್ಕಳದವರೆಗೂ ಹೊಟ್ಟೆ ಹಿಡ್ಕೊಂಡೇ ಕೂತಿದ್ದಳು. ಎಲ್ಲಾ ಸರಿ ಉಂಟು ಅಂದರು. ಅಮ್ಮ ಮುಗ್ವಾ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಅವಳ ಹತ್ತಿರ ಷಷ್ಠಿ ಉಪವಾಸ ಮಾಡಿಸಿದಳು. ಕೇರಿಯ ಹೆಂಗಸರು ಅವಳಿಗೆ ಯಾವ ಶಬ್ದ ಹೇಳ್ತಾರೆ ಅಂತ ನಾನು ಬರೆಯೂದು ಬೇಡ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಹೊಸ ಡಾಕ್ಟರ್ ಒಬ್ಬರು, 'ಇಷ್ಟು ದಿನ ಗಂಡನದ್ದು ಯಾಕೆ ಮಾಡಿಸಲಿಲ್ಲ?' ಅಂತ ಬೈದರು. ಟ್ರಿಪ್ ಮುಗಿಸಿ ಬಂದ ಮರುದಿನವೇ ಮನೆಯಲ್ಲಿ ಸ್ಯಾಂಪಲ್ ತೆಗೆದೆ. ಮೊದಲು ಸ್ವಲ್ಪ ಕೆಳಗೆ ಚೆಲ್ಲಿತು, ಉಳಿದದ್ದು ಡಬ್ಬಿಗೆ. ಕೆಡಬಾರದು ಅಂತ ಥರ್ಮಕೋಲ್ ಬಾಕ್ಸಿನಲ್ಲಿ ಐಸ್ ಹಾಕಿ, ಹೊಳೆ ದಾಟಿ ಅಘನಾಶಿನಿ ಮೇಲೆ ಕುಮಟಾಕ್ಕೆ ಒಯ್ದೆ. ದಾಟುವ ಬೋಟು ಆಚೆ ದಡದಲ್ಲಿತ್ತು, ಹಾಗಾಗಿ ಒಟ್ಟು ಒಂದೂವರೆ ತಾಸು ಆಯ್ತು.

ರಿಪೋರ್ಟ್: ಮಿಲಿಲೀಟರಿಗೆ 9 ಮಿಲಿಯನ್. ಚಲನೆ 18%. ಸರಿಯಾದ ಆಕಾರ 3%. ಎಲ್ಲದರ ಮುಂದೆ ಕೆಂಪು ಬಾಣ.

ಇದು ಇಂಜಿನ್ ಕಾವಿನಿಂದಲಾ? ಕೆಲಸ ಬಿಡಬೇಕಾ? ಬಿಟ್ಟರೆ ಬೇರೆ ಎಂತದ್ದೂ ಬರೂದಿಲ್ಲ ನಂಗೆ. ಮೆಡಿಕಲ್ ಶಾಪಿನವ ಒಂದು ಜಿಂಕ್ ಪುಡಿ ಕೊಟ್ಟಿದ್ದಾನೆ, ತಿಂಗಳಿಗೆ 2,400 ರೂಪಾಯಿ.

ಇನ್ನೊಂದು ನಾಚಿಕೆ ವಿಷಯ. ಡಾಕ್ಟರ್ ದಿನ ಲೆಕ್ಕ ಹಾಕಿ 'ಈ ನಾಲ್ಕು ದಿನ' ಅಂದ ಮೇಲೆ ಆ ನಾಲ್ಕು ದಿನವೇ ಏನೂ ಆಗೂದಿಲ್ಲ. 'ಧಾತು ದೌರ್ಬಲ್ಯ' ಅಂತ ಬೋರ್ಡ್ ಹಾಕ್ಕೊಂಡವನೊಬ್ಬನ ಹತ್ತಿರ ಬೇರಿನ ಮಾತ್ರೆ ಅಂತ ತಂದೆ. ತಕೊಂಡರೆ ಕೆಲಸ ಆಗ್ತದೆ, ಆದರೆ ತಲೆ ಸಿಡೀತದೆ, ಮುಖ ಕಾದ ಕಾವಲಿ.


ಬೈತ್‌ಕೋಲ್ ಬಾಡಿ
ಜೂನ್ 4

ಬ್ರೋ ಪುಡಿ ಎಲ್ಲ ವೇಸ್ಟ್. ಟೆಸ್ಟೋಸ್ಟಿರಾನ್ ಇಂಜೆಕ್ಷನ್ ವಾರಕ್ಕೊಂದು ಹೊಡೀರಿ. ನಮ್ಮ ಜಿಮ್‌ನಲ್ಲಿ ಮೂರು ಜನ ತಗೊಳ್ತಿದ್ದಾರೆ, ಹುಲಿ ಥರ ಇದ್ದಾರೆ. ಗಂಡಸಿನ ಹಾರ್ಮೋನು ಜಾಸ್ತಿ ಆದ್ರೆ ಕೌಂಟ್ ಜಾಸ್ತಿ ಆಗಲೇಬೇಕು, ಸಿಂಪಲ್.


ಕುಮಟಾ ಅಕ್ಕ
ಜೂನ್ 5

ತಮಾ, ಮೊದಲು ಆ ರಿಪೋರ್ಟನ್ನು ಮಡಚಿ ಕಪಾಟಿನೊಳಗಿಡು. ಅದು ನಿನ್ನ ರಿಪೋರ್ಟ್ ಅಲ್ಲ, ಐಸಿನ ರಿಪೋರ್ಟ್.

ನಾನು ಈ ಕರಾವಳಿಯ ಲ್ಯಾಬುಗಳಲ್ಲಿ 31 ವರ್ಷ ಟೆಕ್ನಿಷಿಯನ್ ಆಗಿದ್ದವಳು. ಡಬ್ಬಿ ಜೇಬಿನಲ್ಲಿಟ್ಟುಕೊಂಡು ಬಂದು, ಕೌಂಟರಿನಲ್ಲಿ ಹೆಂಗಸು ಕಂಡ ಕೂಡಲೇ 'ಶುಗರ್ ಟೆಸ್ಟಿಗೆ ಬಂದೆ' ಅಂತ ಬೆರಳು ಚುಚ್ಚಿಸಿಕೊಂಡು ಹೋದವರನ್ನು ಕಂಡಿದ್ದೇನೆ. ಅವರಲ್ಲೊಬ್ಬನಿಗೆ ನಿಜವಾಗಿಯೂ ಶುಗರ್ ಇತ್ತು, ಅದು ಬೇರೆ ಮಾತು. ಕಷಾಯದ ಬಾಟಲಿಯಲ್ಲಿ ತಂದವರಿದ್ದಾರೆ. ಅಂಗಡಿಯ ಕಾಂಡೋಮ್‌ನಲ್ಲಿ ಗಂಟು ಕಟ್ಟಿ ತಂದವರಿದ್ದಾರೆ, ಅದರೊಳಗಿನ ಜಾರುಮದ್ದಿಗೇ ಅರ್ಧ ವೀರ್ಯಾಣು ಸತ್ತಿರ್ತವೆ. ಆದರೆ ಬಂಗಡೆಯ ಹಾಗೆ ಐಸ್ ಹಾಕಿ ತಂದವ ನೀನೊಬ್ಬನೇ.

ವೀರ್ಯಾಣು ಮೀನಲ್ಲ. ಅದಕ್ಕೆ ಮೈಯ ಬಿಸಿ ಬೇಕು. ಥಂಡಿ ಹೊಡೆದರೆ ಓಡಾಟ ನಿಲ್ಲಿಸ್ತದೆ, ನಿನ್ನ 18% ಅಲ್ಲಿಂದ ಬಂದಿರಬಹುದು. ಸ್ಯಾಂಪಲ್ ಅರ್ಧ ತಾಸಿನೊಳಗೆ ಮೈಕ್ರೋಸ್ಕೋಪಿನ ಕೆಳಗೆ ಬಂದರೆ ಚೊಲೋ, ಒಂದು ತಾಸು ದಾಟಲೇಬಾರದು. ಹಿಂದಿನ ಸಂಪರ್ಕ ಆಗಿ 2ರಿಂದ 7 ದಿನದ ಒಳಗಿರಬೇಕು. ನೀನು ಹತ್ತು ದಿನ ಸಮುದ್ರದಲ್ಲಿದ್ದು ಬಂದವ. ಅಷ್ಟು ದಿನ ನಿಂತರೆ ಲೆಕ್ಕ ಏರ್ತದೆ, ಆದರೆ ಹಳೆಯವೇ ತುಂಬಿಕೊಂಡು ಚಲನೆ ಇಳೀತದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಮೊದಲ ಭಾಗ ಚೆಲ್ಲಿದ್ದು. ಹೆಚ್ಚಿನ ವೀರ್ಯಾಣು ಇರೂದೇ ಮೊದಲ ಒಂದೆರಡು ಹನಿಯಲ್ಲಿ. ಆಮೇಲೆ ಬರೂದು ಬಹುಪಾಲು ಬರೀ ದ್ರವ. ಚೆಲ್ಲಿದರೆ ಲ್ಯಾಬಿನವರಿಗೆ ಹೇಳಬೇಕು, ಅವರು ಅದನ್ನು ರಿಪೋರ್ಟಿನಲ್ಲಿ ಬರೀಬೇಕು. ಕೇಳಿದರಾ? ಕೇಳಿರಲಿಕ್ಕಿಲ್ಲ.

ಇನ್ನು ಆ ಕೆಂಪು ಬಾಣ. ನಾನು ಕೆಲಸಕ್ಕೆ ಸೇರಿದಾಗ 20 ಮಿಲಿಯನ್‌ಗಿಂತ ಕೆಳಗಿದ್ದರೆ 'ಕಡಿಮೆ' ಅಂತ ಬರೀತಿದ್ದೆವು. ಆ 20ರ ಲೆಕ್ಕ ಮ್ಯಾಕ್ಲಿಯಾಡ್ ಮತ್ತು ಗೋಲ್ಡ್ ಎಂಬಿಬ್ಬರು 1951ರಲ್ಲಿ ಮಾಡಿದ್ದು, ಮಕ್ಕಳಾದ 1,000 ಗಂಡಸರನ್ನು ಮಕ್ಕಳಾಗದ 1,000 ಗಂಡಸರ ಜೊತೆ ಹೋಲಿಸಿ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಐದನೆಯ ಆವೃತ್ತಿ ಬಂತು, ಗೆರೆ 15ಕ್ಕೆ ಇಳೀತು. 2009ರಲ್ಲಿ 17 ಇದ್ದು ಮುಖ ಬಾಡಿಸಿಕೊಂಡು ಹೋದವ ಮರುವರ್ಷ ನಾರ್ಮಲ್ ಆದ, ಒಂದೇ ಒಂದು ವೀರ್ಯಾಣು ಹೆಚ್ಚಾಗದೆ. 2021ರ ಆರನೆಯ ಆವೃತ್ತಿಯಲ್ಲಿ ಮತ್ತೆ 16. ಒಟ್ಟು ಚಲನೆಗೆ 42%, ಆಕಾರಕ್ಕೆ 4%. ಹೌದು, ನೂರರಲ್ಲಿ ನಾಲ್ಕೇ ಸರಿ ಇದ್ದರೂ ಸಾಕು, ಗಂಡಸಿನ ಕಾರ್ಖಾನೆ ಅಷ್ಟು ಅಡ್ನಾಡಿ.

ಈ ಗೆರೆ ಎಳೆದದ್ದು ಹೇಗೆ ಅಂತ ಡಾಕ್ಟರುಗಳೂ ಹೇಳೂದು ಕಮ್ಮಿ. ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರನ್ನು ಸಾಲಾಗಿ ನಿಲ್ಲಿಸಿ, ನೂರಕ್ಕೆ ಐದು ಜನ ಯಾವ ಅಂಕಿಗಿಂತ ಕೆಳಗಿದ್ದಾರೋ ಅಲ್ಲಿ ಗೆರೆ ಹಾಕಿದ್ದು. ಅಂದರೆ ಗೆರೆಯ ಕೆಳಗಿದ್ದ ಆ ಐದು ಜನರೂ ಅಪ್ಪಂದಿರೇ! ಅದು ಪಾಸು-ಫೇಲಿನ ಗೆರೆ ಅಲ್ಲ. ಕೆಳಗೆ ಹೋದಷ್ಟೂ ಕಷ್ಟ ಹೆಚ್ಚು, ಇಷ್ಟೇ ಅದರ ಅರ್ಥ. 2010ರ ಲೆಕ್ಕ ತೆಗೆದ ದೇಶಗಳಲ್ಲಿ ಭಾರತವೂ ಇರಲಿಲ್ಲ, ಅದು ನೆನಪಿರಲಿ.

ಇಂಜಿನ್ ಕಾವಿನ ವಿಷಯ. ನಿನ್ನ ಅನುಮಾನ ಹುಚ್ಚಲ್ಲ. ವೃಷಣ ಮೈಯಿಂದ ಹೊರಗೆ ತೂಗ್ತಿರೂದೇ ಮೈಗಿಂತ 2-4 ಡಿಗ್ರಿ ತಣ್ಣಗಿರಬೇಕು ಅಂತ. ಇಟಲಿಯಲ್ಲಿ 10 ಜನ ಆರೋಗ್ಯವಂತ ಗಂಡಸರನ್ನು ವಾರಕ್ಕೆರಡು ಸಲದಂತೆ ಮೂರು ತಿಂಗಳು ಸೌನಾ ಎಂಬ ಬಿಸಿಕೋಣೆಯಲ್ಲಿ ಕೂರಿಸಿ ನೋಡಿದರು, 2013ರಲ್ಲಿ ಪ್ರಕಟವಾಯ್ತು. ಲೆಕ್ಕವೂ ಇಳೀತು, ಚಲನೆಯೂ ಇಳೀತು. ಬಿಟ್ಟು ಆರು ತಿಂಗಳಿಗೆ ಪೂರಾ ಮೊದಲಿನ ಹಾಗಾಯ್ತು. ಹತ್ತೇ ಜನ, ಬೋಟಿನವರೂ ಅಲ್ಲ. ಆದರೆ ಕಾವಿನ ಪೆಟ್ಟು ವಾಪಸ್ ಬರ್ತದೆ ಅನ್ನೂದಕ್ಕೆ ನಂಗೆ ಅದು ಸಾಕು. ನಿನ್ನ ಇಂಜಿನ್ನೇ ಕಾರಣ ಅಂತ ಮಾತ್ರ ನಾನು ಹೇಳೂದಿಲ್ಲ.

ಒಂದು ವೀರ್ಯಾಣು ತಯಾರಾಗಲಿಕ್ಕೆ ಸುಮಾರು 74 ದಿನ ಬೇಕು, ನಳಿಗೆಯಲ್ಲಿ ಸಾಗಿ ಹೊರಗೆ ಬರಲಿಕ್ಕೆ ಮತ್ತೆ ಒಂದೆರಡು ವಾರ. ಹಾಗಾಗಿ ಇವತ್ತಿನ ಡಬ್ಬಿಯಲ್ಲಿರೂದು ಮಾರ್ಚ್ ತಿಂಗಳಲ್ಲಿ ಸುರುವಾದವು. ಈಗ ನಿನಗೆ ಮೀನುಗಾರಿಕೆ ಬಂದ್, ಜೂನ್ 1ರಿಂದ ಜುಲೈ 31, 61 ದಿನ. ಸರ್ಕಾರ ಮೀನಿನ ಮರಿಗಾಗಿ ಕೊಟ್ಟ ರಜೆ, ನೀನೂ ಬಳಸಿಕೋ. ಆದರೆ 61ಕ್ಕೆ ಇದು ಮುಗೀಲಿಲ್ಲ. ಆಗಸ್ಟ್ ಮೊದಲ ಮೂರು ವಾರ ಮಾಲೀಕರಿಗೆ ಹೇಳಿ ಇಂಜಿನ್ ಬಿಟ್ಟು ಬಲೆ ಕೆಲಸಕ್ಕೆ ಮೇಲೆ ಬರಲಿಕ್ಕೆ ಆಗ್ತದಾ ನೋಡು. ಒಂದು ಟೆಸ್ಟ್ ಈಗ ಮಾಡಿಸು, ಲ್ಯಾಬಿನಲ್ಲೇ ಕೋಣೆ ಕೊಡ್ತಾರೆ, ಇಲ್ಲದಿದ್ದರೆ ಕುಮಟಾದಲ್ಲಿ ಗುರ್ತದವರ ಮನೆಯಲ್ಲಿ ತೆಗೆದು ಅಂಗಿಯ ಒಳಗೆ ಮೈಗೆ ತಾಗಿಸಿ ಹಿಡ್ಕೊಂಡು ಬಾ. ಇನ್ನೊಂದು ಆಗಸ್ಟ್ ಕೊನೆಗೆ, ಅದೇ ಲ್ಯಾಬಿನಲ್ಲಿ.

ಬೈತ್‌ಕೋಲದ ತಮ್ಮನಿಗೆ ಒಂದು ಮಾತು. ನೀನು ಹೇಳಿದ ಇಂಜೆಕ್ಷನ್, ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟಿರಾನ್, ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ಪರೀಕ್ಷೆ ಮಾಡಿ 1990ರಲ್ಲಿ ವರದಿ ಕೊಟ್ಟಿದೆ. ಯಾತಕ್ಕೆ ಗೊತ್ತಾ? ಗಂಡಸರ ಗರ್ಭನಿರೋಧಕವಾಗಿ! ಹೆಚ್ಚಿನವರ ಲೆಕ್ಕ ಸೊನ್ನೆಗೆ ಬಂತು. ಹೊರಗಿಂದ ಹಾರ್ಮೋನು ಬಂದರೆ ಮೆದುಳು 'ಸಾಕಷ್ಟು ಉಂಟು' ಅಂದ್ಕೊಂಡು ವೃಷಣಕ್ಕೆ ಕಳಿಸುವ ಆರ್ಡರ್ ನಿಲ್ಲಿಸ್ತದೆ. ನಿನ್ನ ಜಿಮ್ಮಿನ ಮೂರು ಹುಲಿಗಳಿಗೆ ಮದುವೆ ಆಗಿದೆಯೋ ಇಲ್ಲವೋ ಕೇಳು, ಮಕ್ಕಳು ಬೇಕಾದರೆ ಈಗಲೇ ಡಾಕ್ಟರ್ ಹತ್ತಿರ ಕಳಿಸು.

ಪುಡಿ: ಅಮೆರಿಕದಲ್ಲಿ 2,370 ಗಂಡಸರಲ್ಲಿ ಅರ್ಧ ಜನಕ್ಕೆ ಆರು ತಿಂಗಳು ಜಿಂಕ್ ಮತ್ತು ಫೋಲಿಕ್ ಆಸಿಡ್, ಅರ್ಧ ಜನಕ್ಕೆ ಬರೀ ಹಿಟ್ಟಿನ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಬಂತು. ಹುಟ್ಟಿದ ಮಕ್ಕಳ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಜಿಂಕ್ ತಿಂದವರಿಗೆ ಹೊಟ್ಟೆ ಕೆಟ್ಟದ್ದು ಲಾಭ. ಆ 2,400 ರೂಪಾಯಿಯಲ್ಲಿ ಹೆಂಡತಿಗೆ ಸೀರೆ ತೆಗಿ, ಎಕ್ಸರೇ ದಿನದ ಬಾಕಿ ಉಂಟಲ್ಲ.

ಬೇರಿನ ಮಾತ್ರೆ ಇವತ್ತೇ ಹೊಳೆಗೆ ಹಾಕು. ತಲೆಸಿಡಿತ, ಮುಖ ಕೆಂಪು, ಇವು ಸಿಲ್ಡೆನಾಫಿಲ್‌ನ, ಅಂದರೆ ವಯಾಗ್ರದೊಳಗಿನ ಮದ್ದಿನ ಗುರುತು. 'ಬೇರು' ಅಂತ ಮಾರುವವರು ಅದನ್ನು ಗುಟ್ಟಾಗಿ ಬೆರೆಸೂದು ಲೋಕಕ್ಕೆಲ್ಲ ಗೊತ್ತು. ಆ ಮದ್ದು ಕೆಟ್ಟದ್ದಲ್ಲ, ಎದೆನೋವಿಗೆ ಅಂತ ಪರೀಕ್ಷೆ ಮಾಡ್ತಿದ್ದದ್ದು, 1998ರಲ್ಲಿ ಈ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಎಷ್ಟು ಮಿಲಿಗ್ರಾಂ ಅಂತ ಗೊತ್ತಿಲ್ಲದೆ ತಿನ್ನೂದು ತಪ್ಪು. ನಾಲಿಗೆ ಕೆಳಗಿಡುವ ಎದೆನೋವಿನ ಮಾತ್ರೆ ತಕೊಳ್ಳುವವರು ಇದನ್ನು ತಿಂದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರ್ತದೆ. ಕ್ಯಾಲೆಂಡರ್ ನೋಡಿ ಮಲಗಿದರೆ ಯಾರಿಗಾದರೂ ಹಾಗೆ ಆಗ್ತದೆ, ಅದಕ್ಕೂ ನಿನ್ನ ಲೆಕ್ಕಕ್ಕೂ ಸಂಬಂಧ ಇಲ್ಲ. ಇಂಜಿನ್ ಬೇರೆ, ಬಲೆ ಬೇರೆ. ಬೇರೆ ದಿನಗಳಲ್ಲೂ, ಬೆಳಗಿನ ಹೊತ್ತೂ ಹಾಗೇ ಆದರೆ ಮಾತ್ರ ಶುಗರ್, ಹೃದಯ ತೋರಿಸು.

ಕಡೆಗೆ ನಾನೇ ಒಂದು ಪ್ರಶ್ನೆ ಕೇಳ್ತೆ. ಮೊಟ್ಟೆ ಬಿಡುಗಡೆಯಾದ ದಿನ ಮತ್ತು ಅದರ ಹಿಂದಿನ ಐದು ದಿನ, ತಿಂಗಳಿಗೆ ಈ ಆರೇ ದಿನ ಗರ್ಭ ಕಟ್ಟೂದು, 1995ರಲ್ಲೇ ವಿಲ್ಕಾಕ್ಸ್ ಎಂಬವರ ತಂಡ ಲೆಕ್ಕ ಹಾಕಿ ತೋರಿಸಿದೆ. ನೀನು ಹತ್ತು ದಿನ ನೀರಲ್ಲಿ, ಎರಡು ದಿನ ದಡದಲ್ಲಿ. ನಾಲ್ಕು ವರ್ಷದಲ್ಲಿ ಎಷ್ಟು ತಿಂಗಳು ಆ ಆರು ದಿನದಲ್ಲಿ ಮನೆಯಲ್ಲಿದ್ದೆ?


ತೋಟದಮನೆ, ಶಿರಸಿ
ಜೂನ್ 7

ಅಕ್ಕ ಹೇಳಿದ್ದಕ್ಕೆ ನಂದೊಂದು ಬಾಲ. ಮೊದಲ ಸಲ ತೋರಿಸಿದ ಕಡೆ ನನ್ನನ್ನು ಕುರ್ಚಿಯಿಂದ ಏಳಿಸಲೇ ಇಲ್ಲ. ರಿಪೋರ್ಟ್ ನೋಡಿದರು, 'ಟೆಸ್ಟ್ ಟ್ಯೂಬ್ ಮಾಡಿಸಿ' ಅಂದರು. ಎರಡು ವರ್ಷ ಬಿಟ್ಟು ಹುಬ್ಬಳ್ಳಿಯಲ್ಲಿ ಯುರಾಲಜಿಸ್ಟ್ ಒಬ್ಬರು ನಿಲ್ಲಿಸಿ, ಉಸಿರು ಬಿಗಿಹಿಡಿಸಿ, ಕೈಯಲ್ಲಿ ಮುಟ್ಟಿ ನೋಡಿದರು. ಒಂದೇ ನಿಮಿಷ. ಎಡಗಡೆ ವೆರಿಕೋಸೀಲ್, ಎರೆಹುಳ ಗಂಟು ಕಟ್ಟಿದ ಹಾಗೆ ರಕ್ತನಾಳ ಉಬ್ಬಿತ್ತು. ಸುಮಾರು ನೂರಕ್ಕೆ 15 ಗಂಡಸರಲ್ಲಿ ಇದು ಇರ್ತಂತೆ, ಬಹಳ ಜನಕ್ಕೆ ಏನೂ ತೊಂದರೆ ಇಲ್ಲ. ಆದರೆ ಮಕ್ಕಳಾಗದೆ ಬಂದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಎಡಗಡೆಯ ನಾಳ ಹೋಗಿ ಕಿಡ್ನಿಯ ನಾಳಕ್ಕೆ ನೇರ ಅಡ್ಡ ಸೇರೂದ್ರಿಂದ ಅಲ್ಲೇ ರಕ್ತ ನಿಲ್ಲೂದು ಜಾಸ್ತಿ. ತೋಟದ ಕಾಲುವೆ ಕಂಡವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲೆ.

ಆಪರೇಷನ್ ಆಯ್ತು, ಆರು ತಿಂಗಳಿಗೆ ಲೆಕ್ಕ 5ರಿಂದ 14ಕ್ಕೆ ಬಂತು. ಮಗಳಿಗೆ ಈಗ ಎರಡು ವರ್ಷ. ಆಪರೇಷನ್‌ನಿಂದಲೇ ಹುಟ್ಟಿದಳಾ ಅಂದರೆ ಗೊತ್ತಿಲ್ಲೆ, ನನ್ನ ತಮ್ಮನ ಭಾವನಿಗೆ ಅದೇ ಮಾಡಿಸಿಯೂ ಆಗಲಿಲ್ಲ. ಕೈಗೆ ಸಿಗದೆ ಬರೀ ಸ್ಕ್ಯಾನಿಂಗ್‌ನಲ್ಲಿ ಕಾಣೂದಕ್ಕೆ ಕತ್ತರಿ ಹಾಕಿಸಿಕೊಳ್ಳಬೇಡಿ, ಅದರಿಂದ ಲಾಭ ಇಲ್ಲ ಅಂತ ಆ ಡಾಕ್ಟರೇ ಹೇಳಿದ್ದು.

ಸಣ್ಣಾಗಿದ್ದಾಗ, ಅದೂ ಮೀಸೆ ಬಂದ ಮೇಲೆ, ಮಂಗನಬಾವು ಆಗಿ ಕೆಳಗೆ ಬಾತಿತ್ತಾ ಅಂತಲೂ ನೆನಪು ಮಾಡ್ಕೊಳ್ಳಿ. ನಂಗೆ ಅದನ್ನೂ ಕೇಳಿದ್ರು. ಮತ್ತೆ, ನಾನು ಅಡಿಕೆ ಬೆಳೆಗಾರ, ಹೇಳಲಿಕ್ಕೆ ನಾಲಿಗೆ ತಡೀತದೆ, ಆದರೂ ತಂಬಾಕಿನ ಕವಳ ಹಾಕ್ತಿದ್ದರೆ ಬಿಡಿ.


ತದಡಿ ಡ್ರೈವರ
ಜೂನ್ 9

ಅಕ್ಕಾ, ನಿಮ್ಮ ಪ್ರಶ್ನೆ ಓದಿ ರಾತ್ರಿ ಇಬ್ಬರೂ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಕೂತೆವು. ಬೋಟು ಬಿಟ್ಟ ದಿನ, ಬಂದ ದಿನ ಅವಳು ಗುರ್ತು ಹಾಕಿರ್ತಾಳೆ, ಕಿರಾಣಿ ಲೆಕ್ಕಕ್ಕೆ. ಅವಳ ತಿಂಗಳ ಚುಕ್ಕೆಯೂ ಅದರಲ್ಲೇ. ಹಿಂದಿನ ಎರಡು ವರ್ಷದ್ದೂ ಅಕ್ಕಿ ಡಬ್ಬದ ಕೆಳಗೆ ಹಾಸಿದ್ದು ಸಿಕ್ಕಿತು. ಮಳೆಗಾಲ ಬಿಟ್ಟು 20 ತಿಂಗಳು ಎಣಿಸಿದೆವು. ಮುಂದಿನ ಚುಕ್ಕೆಯಿಂದ 14 ದಿನ ಹಿಂದೆ ಹೋಗಿ ಆರು ದಿನಕ್ಕೆ ಪೆನ್ಸಿಲ್ ಗೆರೆ ಹಾಕುತ್ತಾ ಬಂದಳು. 20ರಲ್ಲಿ ನಾನು ಮನೆಯಲ್ಲಿದ್ದದ್ದು 7 ಸಲ. ಅದರಲ್ಲೂ ಎರಡು ಸಲ ಒಂದೇ ರಾತ್ರಿ.

ಅವಳು ಪೆನ್ಸಿಲ್ ಇಟ್ಟು ತುಂಬ ಹೊತ್ತು ನಕ್ಕಳು. ಆಮೇಲೆ ಅತ್ತಳು. ಅಷ್ಟೆಲ್ಲ ಸೂಜಿ ಚುಚ್ಚಿಸಿಕೊಂಡಾಗ ಯಾರಾದರೂ ಈ ಕ್ಯಾಲೆಂಡರ್ ಕೇಳಬಾರದಿತ್ತಾ ಅಂದಳು.

ಮಂಗನಬಾವು ಆಗಲಿಲ್ಲ. ಕವಳ ಹೌದು, ಇಂಜಿನ್ ಹತ್ತಿರ ನಿದ್ದೆ ಬಾರದ ಹಾಗೆ ಹಾಕೂದು. ಬಿಡ್ತೆ ಅಂತ ಹೇಳೂದು ಸುಲಭ, ನೋಡುವ.


ಕುಮಟಾ ಅಕ್ಕ
ಜೂನ್ 9

ಕೇಳಬೇಕಿತ್ತು. ನಾನೂ 31 ವರ್ಷ ಎಣಿಸಿದ್ದು ವೀರ್ಯಾಣು ಮಾತ್ರ, ಒಬ್ಬ ಬೋಟಿನವನಿಗೂ ಈ ಪ್ರಶ್ನೆ ಕೇಳಲಿಲ್ಲ. ನಿವೃತ್ತಿಯಾದ ಮೇಲೆ ಬುದ್ಧಿ ಬಂತು.

ಹಾಗಂತ ಆ ಏಳು ತಿಂಗಳನ್ನೇ ಹಿಡ್ಕೊಂಡು ಕೂರಬೇಡ, ಟೆಸ್ಟ್ ಮಾಡಿಸು, ಯುರಾಲಜಿಸ್ಟ್‌ಗೂ ತೋರಿಸು.


ತದಡಿ ಡ್ರೈವರ
ಸೆಪ್ಟೆಂಬರ್ 2

ಅಪ್ಡೇಟ್ ಕೇಳಿದವರಿಗೆ. ಜೂನ್ 12ಕ್ಕೆ ಲ್ಯಾಬಿನಲ್ಲೇ ಕೊಟ್ಟೆ, 13 ಮಿಲಿಯನ್, ಚಲನೆ 35%. ಆಗಸ್ಟ್ 27ಕ್ಕೆ 18 ಮಿಲಿಯನ್, ಚಲನೆ 41%. ಮಾಲೀಕರು ಮೂರು ವಾರ ಬಲೆಗೆ ಹಾಕಿದರು, ಕಾರಣ ಕೇಳಲಿಲ್ಲ, ಬೆನ್ನುನೋವು ಅಂದಿದ್ದೆ. ಯುರಾಲಜಿಸ್ಟ್ ನಿಲ್ಲಿಸಿ ನೋಡಿದರು, ಎಡಗಡೆ ಸ್ವಲ್ಪ ನಾಳ ಉಬ್ಬಿದೆ, ಈಗಲೇ ಆಪರೇಷನ್ ಬೇಡ, ಆರು ತಿಂಗಳು ಮನೆಯಲ್ಲಿದ್ದು ನೋಡಿ ಅಂದರು. ಮನೆಯಲ್ಲಿದ್ದು ಅನ್ನೂದನ್ನು ಎರಡು ಸಲ ಹೇಳಿದರು. ದಿನಾ ಹೋಗಿ ದಿನಾ ಬರುವ ಬೋಟಿಗೆ ಸೇರಿದ್ದೇನೆ, ಪಾಲು ಕಮ್ಮಿ.

ಅಕ್ಕಾ, ಇಂಜಿನ್ ಬಿಟ್ಟದ್ದಕ್ಕೇ ಏರಿತು ಅಲ್ಲವಾ?


ಕುಮಟಾ ಅಕ್ಕ
ಸೆಪ್ಟೆಂಬರ್ 2

ಇರಬಹುದು. ಕುಣೀಬೇಡ. ಒಬ್ಬನೇ ಗಂಡಸಿನ ಲೆಕ್ಕ ತಿಂಗಳಿಂದ ತಿಂಗಳಿಗೆ ದುಪ್ಪಟ್ಟು ಏರೂದನ್ನೂ, ಅರ್ಧಕ್ಕೆ ಇಳಿಯೂದನ್ನೂ ಇದೇ ಕಣ್ಣಲ್ಲಿ ನೋಡಿದ್ದೇನೆ, ಏನೂ ಮಾಡದೆ. ಅದಕ್ಕೇ ಎರಡೆರಡು ಸಲ ಮಾಡಿಸೂದು. ಕವಳ?


ತದಡಿ ಡ್ರೈವರ
ಸೆಪ್ಟೆಂಬರ್ 3

ದಿನಕ್ಕೆ ಎರಡಕ್ಕೆ ಬಂದಿದೆ.

ಅಮ್ಮನಿಗೆ ಹೇಳಿದೆ, ಸಮಸ್ಯೆ ನನ್ನ ಕಡೆ ಅಂತ. ಗಂಜಿ ಬಡಿಸ್ತಾ ಇದ್ದಳು, ಏನೂ ಮಾತಾಡಲಿಲ್ಲ, ಉಪ್ಪಿನಕಾಯಿ ಎರಡು ಸಲ ಹಾಕಿದಳು. ಈ ಷಷ್ಠಿಗೆ ಮುಗ್ವಾಕ್ಕೆ ಹೊರಡುವಾಗ ನನ್ನ ಹೆಂಡತಿಯನ್ನು ಕರೀಲಿಲ್ಲ. 'ನೀನು ಬಾ, ಬೆಳಗ್ಗೆ ಎಂತದ್ದೂ ತಿನ್ನಬೇಡ' ಅಂದಳು ನಂಗೆ.